ಮೊಣಕಾಲುದ್ದ ನೀರು

ಗುಮಾಸ್ತೆಯ ಕೈಯಲ್ಲಿ ಲೇಖನಿ ಇರುವವರೆಗೆ ಯಾವ ಕಾಲಮ್ಮೂ ಖಾಲಿ ಉಳಿಯಲಾರದು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ, ಷರಾ, ಎಲ್ಲವೂ ತುಂಬಬೇಕು. ತುಂಬದ ಕಾಲಮ್ಮನ್ನು ಕಂಡರೆ ಸಾಹೇಬರಿಗೆ ಕೋಪ. ಸಾಹೇಬರ ಕೋಪವನ್ನು ಕಂಡರೆ ನಮಗೆ ಭಯ. ಆದುದರಿಂದ ತಿಳಿದದ್ದನ್ನು ತಿಳಿದಂತೆಯೂ, ತಿಳಿಯದ್ದನ್ನು ಇನ್ನೂ ಸ್ವಲ್ಪ ದುಂಡಾದ ಅಕ್ಷರದಲ್ಲಿಯೂ ಬರೆಯುವುದನ್ನು ನಾವು ಕಲಿತಿದ್ದೇವೆ. ಬಿ.ಎ. ಪದವಿ ಕಲಿಸದ ಈ ವಿದ್ಯೆಯನ್ನು ಕಚೇರಿಯ ಹತ್ತು ಹನ್ನೆರಡು ವರ್ಷ ಕಲಿಸಿತು. ‘ನಾವು’ ಎಂದರೆ ನಾವೊಬ್ಬರೇ. ಸರಕಾರಿ ಕಾಗದ ಬರೆದು ಬರೆದು ‘ನಾನು’ ಎಂಬ ಮಾತು ನಮ್ಮ ಲೇಖನಿಗೆ ಒಗ್ಗದೆ ಹೋಗಿದೆ. ಆದರೆ ಈ ಸಲ ಬರೆಯಹೊರಟಿರುವ ತಪ್ಪು ಮಾತ್ರ ನಮ್ಮೊಬ್ಬರದೇ. ಅದರಲ್ಲಿ ಬೇರೆ ಯಾರಿಗೂ ಪಾಲಿಲ್ಲ.

ನಮ್ಮ ಮೂಲ ತೀರ್ಥಹಳ್ಳಿಯ ಕಡೆ. ತಂದೆಯವರ ಕಾಲಕ್ಕೇ ಚೆನ್ನೈಗೆ ಬಂದು ನೆಲಸಿದ ಸಂಸಾರ. ಊರಿಗೆ ಹೋದಾಗ ನೋಡುತ್ತೇವೆ: ಅಲ್ಲಿ ಮಳೆ ಸುರಿದರೆ, ತಾನು ಎಲ್ಲಿಗೆ ಹೋಗಬೇಕೆಂಬುದು ನೀರಿಗೆ ಚೆನ್ನಾಗಿ ಗೊತ್ತು. ಗುಡ್ಡ ಇಳಿದು, ತೋಟ ಹಾಯ್ದು, ಹಳ್ಳ ಸೇರಿ, ಯಾರನ್ನೂ ದಾರಿ ಕೇಳದೆ ತುಂಗೆಯನ್ನು ಸೇರಿಬಿಡುತ್ತದೆ. ಚೆನ್ನೈಯ ನೀರಿಗೆ ಅಂಥ ನಿಶ್ಚಯವಿಲ್ಲ. ಊರಿನ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ನೆಲವೋ ಊಟದ ತಟ್ಟೆಯಂತೆ ಸಪಾಟು. ಸಮುದ್ರ ಕೂಗಳತೆಯಲ್ಲಿದ್ದರೂ ಅದರ ದಾರಿ ನೀರಿಗೆ ಕಾಣದು. ಮೇಜಿನಿಂದ ಮೇಜಿಗೆ ಹೋಗುವ ಫೈಲಿನಂತೆ ಅದು ಬೀದಿಯಿಂದ ಬೀದಿಗೆ ಹೋಗಿ, ಎಲ್ಲಿ ತಡೆಯಿತೋ ಅಲ್ಲಿ ಕುಳಿತುಬಿಡುತ್ತದೆ. ನಾವಿರುವುದು ವೇಳಚ್ಚೇರಿಯಲ್ಲಿ, ಪಳ್ಳಿಕ್ಕರಣೈ ಜೌಗುಭೂಮಿಯ ಮಗ್ಗುಲಲ್ಲೇ. ಹಿಂದೆ ಸುತ್ತಲ ನೀರೆಲ್ಲ ಬಂದು ತಂಗುತ್ತಿದ್ದ ಆ ಜೌಗಿನ ಬಹುಪಾಲಿನಲ್ಲಿ ಈಗ ಮನೆ, ಕಚೇರಿ, ರಸ್ತೆ. ನೀರು ಮಾತ್ರ ಹಳೆಯ ವಿಳಾಸವನ್ನು ಮರೆತಿಲ್ಲ.

೨೦೧೫ನೆಯ ಇಸವಿಯ ಡಿಸೆಂಬರ್ ೧ ಮತ್ತು ೨ನೆಯ ತಾರೀಖುಗಳನ್ನು ಇಲ್ಲಿಯ ಕನ್ನಡಿಗರಾರೂ ಮರೆತಿರಲಾರರು. ಒಂದು ಹಗಲು ಒಂದು ರಾತ್ರಿಯಲ್ಲಿ ತಾಂಬರಂನಲ್ಲಿ ೪೯ ಸೆಂಟಿಮೀಟರು ಮಳೆ. ಚೆಂಬರಂಬಾಕ್ಕಂ ಜಲಾಶಯದಿಂದ ಸೆಕೆಂಡಿಗೆ ೨೯,೦೦೦ ಘನ ಅಡಿಯವರೆಗೆ ನೀರನ್ನು ಅಡಯಾರು ನದಿಗೆ ಬಿಡಬೇಕಾಯಿತು. ಆಗ ನಾವು ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ನೀರು ಇಳಿದ ಮೇಲೆ ಮನೆಮನೆಯ ಲೆಕ್ಕ ಬರೆಯುವ ಕೆಲಸ ನಮ್ಮ ಪಾಲಿಗೂ ಬಂತು. ಹೆಸರು, ರೇಷನ್ ಕಾರ್ಡಿನ ಸಂಖ್ಯೆಗಳು ಪಟ್ಟಿಯಲ್ಲಿ ಮೊದಲೇ ಇದ್ದವು. ವಿಚಾರಿಸಿ ತುಂಬಬೇಕಾದ ಕಾಲಮ್ಮುಗಳಲ್ಲಿ ಒಂದು, ‘ಮನೆಯೊಳಗೆ ನಿಂತ ನೀರಿನ ಆಳ, ಅಡಿಗಳಲ್ಲಿ.’

ವಾಚಕರು ಒಮ್ಮೆ ಆಲೋಚಿಸಬೇಕು. ನಡುರಾತ್ರಿಯಲ್ಲಿ ಮನೆಗೆ ನೀರು ನುಗ್ಗಿದಾಗ ಅಡಿಕೋಲು ಹಿಡಿದು ಅಳೆಯುವ ಗೃಹಸ್ಥ ಎಲ್ಲಿದ್ದಾನೆ? ಒಬ್ಬರು ‘ಮೊಣಕಾಲುದ್ದ’ ಎಂದರು. ಇನ್ನೊಬ್ಬರು ‘ಸೊಂಟದ ಮಟ್ಟ’ ಎಂದರು. ಒಬ್ಬ ತಾಯಿ ‘ದೇವರ ಗೂಡಿನವರೆಗೆ’ ಎಂದು ಕಣ್ಣೊರೆಸಿಕೊಂಡರು. ಮೊಣಕಾಲು ಎಂದರೆ ಯಾರ ಮೊಣಕಾಲು? ಆರಡಿಯ ಅಪ್ಪನದೋ, ಆರು ವರ್ಷದ ಮಗುವಿನದೋ? ನಾವು ನಮ್ಮಷ್ಟಕ್ಕೆ ಒಂದು ಸೂತ್ರ ಮಾಡಿಕೊಂಡೆವು: ಮೊಣಕಾಲಿಗೆ ಒಂದೂವರೆ ಅಡಿ, ಸೊಂಟಕ್ಕೆ ಮೂರು ಅಡಿ, ದೇವರ ಗೂಡಿಗೆ ಐದು ಅಡಿ.

ಮೂರನೆಯ ದಿನ ಒಂದು ಬೀದಿಗೆ ಹೋದೆವು. ಇಪ್ಪತ್ತೆರಡು ಮನೆಗಳ ಬೀದಿ. ಚಪ್ಪಲಿ ಕೆಸರಿನಲ್ಲಿ ಕಿತ್ತುಹೋಗಿತ್ತು; ಕಾಲು ನೋಯುತ್ತಿತ್ತು. ಮೊದಲ ಐದು ಮನೆಗಳಲ್ಲಿಯೂ ಮೊಣಕಾಲುದ್ದ ಎಂದರು. ಆರನೆಯ ಮನೆಯ ಯಜಮಾನರು ಕೂರಿಸಿ ಕಾಫಿ ಕೊಟ್ಟು, “ಎಲ್ಲ ಒಂದೇ ಮಟ್ಟ ಸಾರ್, ಇಡೀ ಬೀದಿಗೇ ಹೀಗೆಯೇ” ಎಂದರು. ಜಗುಲಿಯಿಂದ ಬಗ್ಗಿ ನೋಡಿದೆವು. ಬೀದಿ ಹಾಸಿದ ಚಾಪೆಯಂತೆ ಕಂಡಿತು. ಕಾಫಿಯೂ ಚೆನ್ನಾಗಿತ್ತು. ಅಲ್ಲಿಯೇ ಕುಳಿತು ಆರನೆಯ ಮನೆಗೆ ‘೧½’ ಎಂದು ಬರೆದು, ಅದರ ಕೆಳಗೆ ಹದಿನಾರು ಸಾಲುಗಳಲ್ಲಿ ‘ಮೇರ್ಪಡಿ’ ಎಂದು ತುಂಬಿದೆವು. ತಮಿಳಿನಲ್ಲಿ ಹಾಗೆಂದರೆ ‘ಮೇಲಿನಂತೆ.’ ಪರಿಹಾರದ ಹಣಕ್ಕೂ ಆಳಕ್ಕೂ ಸಂಬಂಧವಿರಲಿಲ್ಲವಾಗಿ ಯಾರಿಗೂ ಒಂದು ಕಾಸು ನಷ್ಟವಾಗಲಿಲ್ಲ. ಸಾಹೇಬರು ಪಟ್ಟಿಯನ್ನು ನೋಡಿ, “ಭೇಷ್, ಒಂದೂ ಖಾಲಿ ಇಲ್ಲ” ಎಂದರು. ನಾವು ಹಿಗ್ಗಿದೆವು.

ಆ ಬೀದಿಯ ಕೊನೆಯ ಮನೆಗೆ ೨೦೧೮ರಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರು ಬಾಡಿಗೆಗೆ ಬಂದರು. ಮಗ ಪರದೇಶದಲ್ಲಿ, ಯಜಮಾನರು ತೀರಿಕೊಂಡಿದ್ದರು. ಸಂಘದ ರಾಜ್ಯೋತ್ಸವಕ್ಕೆ ತಪ್ಪದೆ ಬರುವರು. ಅವರ ಮನೆಯಲ್ಲಿ ಯಜಮಾನರು ಮಿರಜದಿಂದ ತಂದ ಒಂದು ತಂಬೂರಿಯೂ, ಅವರು ಮದುವೆಯಾದಂದಿನಿಂದ ಬರೆದ ಪತ್ರಗಳು ತುಂಬಿದ ಒಂದು ಟ್ರಂಕೂ ಇದ್ದವು. ೨೦೨೩ರ ಡಿಸೆಂಬರಿನ ಮೊದಲಲ್ಲಿ ಮಿಚಾಂಗ್ ಚಂಡಮಾರುತದ ಸುದ್ದಿ ಬಂದಾಗ ಅಜ್ಜಿ ನಮಗೆ ಫೋನು ಮಾಡಿದರು.

“ತಮ್ಮಾ, ಮಳಿ ಭಾಳ ಬರ್ತದಂತ. ಹಿಂದ ದೊಡ್ಡ ಮಳಿ ಬಂದಾಗ ನಮ್ಮ ಓಣ್ಯಾಗ ನೀರು ಎಷ್ಟು ಬಂದಿತ್ತಪಾ? ನೀ ಸರಕಾರದಾಗ ಇದ್ದಿ, ನಿನಗ ಗೊತ್ತಿರತದ.”

ನಮಗೆ ಗೊತ್ತಿತ್ತು! ನಾವೇ ಬರೆದ ಪಟ್ಟಿಯಲ್ಲವೆ? “ಮೊಣಕಾಲುದ್ದ ಅಜ್ಜಿ, ಒಂದೂವರೆ ಅಡಿ. ಸಾಮಾನನ್ನು ಮಂಚದ ಮೇಲೆ ಇಡಿ, ಸಾಕು” ಎಂದೆವು. ಎಂಟು ವರ್ಷದಲ್ಲಿ ನಮ್ಮ ‘ಮೇರ್ಪಡಿ’ ನಮಗೇ ಸತ್ಯವಾಗಿಬಿಟ್ಟಿತ್ತು.

ಡಿಸೆಂಬರ್ ೪ರಂದು ಅಜ್ಜಿಯ ಮನೆಯೊಳಗೆ ನಾಲ್ಕು ಅಡಿ ನೀರು ನಿಂತಿತು. ಮಹಡಿಯ ಮನೆಯವರು ರಾತ್ರಿಯೇ ಅವರನ್ನು ಕೈಹಿಡಿದು ಮೇಲಕ್ಕೆ ಕರೆದುಕೊಂಡದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಮೂರು ದಿನದ ಮೇಲೆ ನಾವು ಹೋದಾಗ ತಂಬೂರಿಯ ಬುರುಡೆ ಬಿರಿದು, ಮೇಲಿನ ಹಲಗೆ ಬೇರೆಯಾಗಿ ಬಿದ್ದಿತ್ತು. ಅಜ್ಜಿ ಪತ್ರಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗದ ಮೇಲೆ ಒಣಹಾಕುತ್ತಿದ್ದರು. ಮಸಿಯೆಲ್ಲ ತೊಳೆದುಹೋಗಿ ಕಾಗದ ಬರಿ ನೀಲಿಯಾಗಿತ್ತು. “ಈ ಸಲದ ಮಳೀನ ಭಾಳ, ನೀ ಏನ್ ಮಾಡ್ತಿ” ಎಂದು ನಮಗೇ ಸಮಾಧಾನ ಹೇಳಿದರು. ನಾವು ಆ ಸಮಾಧಾನವನ್ನು ತೆಗೆದುಕೊಂಡು ಹೊರಬೀಳುತ್ತಿದ್ದೆವು, ಅಷ್ಟರಲ್ಲಿ ಮಹಡಿಯವರು, “೨೦೧೫ರಲ್ಲಿ ಇದಕ್ಕಿಂತ ಒಂದು ಗೇಣು ಹೆಚ್ಚೇ ಬಂದಿತ್ತು ಸಾರ್. ಯಾರೂ ಬಂದು ಕೇಳಲೇ ಇಲ್ಲ” ಎಂದರು.

ಮನೆಗೆ ಬಂದು ನಮ್ಮಾಕೆಯ ಮುಂದೆ ಹೇಳಿಕೊಂಡೆವು. ಆಕೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, “ಅಂದರೆ, ನೀವು ಆ ದಿನ ಆ ಕೊನೆಯವರೆಗೆ ಹೋಗಿರಲೇ ಇಲ್ಲವೇನು?” ಎಂದಳು. ನಾವು ಉತ್ತರ ಹೇಳಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಕೆಲವು ತಿಂಗಳ ತರುವಾಯ ನಮ್ಮನ್ನು ಒಂದು ಸಭೆಗೆ ಕಳುಹಿಸಿದರು. ಹಳೆಯ ಪಟ್ಟಿಗಳನ್ನು ಹೊತ್ತುಕೊಂಡು ಹೋಗುವ ಕೆಲಸ. ಪ್ರವಾಹವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕಹಾಕುವ ವಿಷಯ. ಒಬ್ಬ ತರುಣಿ, ಇಂಜಿನಿಯರು, ಗೋಡೆಯ ಮೇಲೆ ನಮ್ಮ ಪ್ರದೇಶದ ನಕ್ಷೆಯನ್ನು ಮೂಡಿಸಿ ವಿವರಿಸಿದರು. ಆಕೆ ಹೇಳಿದ್ದನ್ನು ನಮ್ಮ ಬುದ್ಧಿಗೆ ನಿಲುಕಿದಷ್ಟು ಬರೆಯುತ್ತೇವೆ.

ಊರನ್ನೆಲ್ಲ ಮಕ್ಕಳ ಲೆಕ್ಕದ ಪುಸ್ತಕದಂತೆ ಚೌಕಚೌಕವಾಗಿ ಭಾಗಿಸುತ್ತಾರೆ. ಪ್ರತಿಯೊಂದು ಚೌಕಕ್ಕೂ ಅದರ ನೆಲದ ಎತ್ತರವನ್ನು ಬರೆಯುತ್ತಾರೆ. ಮೇಲಿನಿಂದ ಲೆಕ್ಕದ ಮಳೆಯನ್ನು ಸುರಿಸುತ್ತಾರೆ. ಅಂಚಿನಲ್ಲಿ ಸಮುದ್ರದ ಭರತ-ಇಳಿತವನ್ನು ಕೊಡುತ್ತಾರೆ. ಆಮೇಲೆ ಯಂತ್ರ ಕ್ಷಣಕ್ಷಣಕ್ಕೂ ಪ್ರತಿಯೊಂದು ಚೌಕದಲ್ಲಿ ನಿಂತು, ನೆರೆಯ ಚೌಕಗಳಲ್ಲಿ ಯಾವುದು ತಗ್ಗು, ಎಷ್ಟು ನೀರು ಅತ್ತ ಹರಿದೀತು ಎಂದು ಲೆಕ್ಕ ಹಾಕುತ್ತ ಹೋಗುತ್ತದೆ. ಸೋಮಾರಿತನವಿಲ್ಲ, ಕಾಫಿ ಬೇಡ, ಕಾಲುನೋವಿಲ್ಲ. ಆದರೆ ಅದಕ್ಕೆ ಕಣ್ಣಿಲ್ಲ. ನಾವು ಏನು ಬರೆದುಕೊಟ್ಟೆವೋ ಅದೇ ಅದರ ವೇದ.

ಗುಡ್ಡಗಾಡಿನಲ್ಲಿ ನೆಲದ ಎತ್ತರ ಒಂದು ಮೀಟರು ತಪ್ಪಾದರೆ ಹೆಚ್ಚಿನ ಬಾಧಕವಿಲ್ಲ. ನೀರು ಹೇಗಿದ್ದರೂ ಇಳಿಜಾರಿನಲ್ಲೇ ಓಡುತ್ತದೆ. ಕಡಲತಡಿಯ ಸಪಾಟು ನೆಲದಲ್ಲಿ ಹಾಗಲ್ಲ. ಒಂದು ಮೀಟರು ಇಳಿಯಲು ನೆಲ ಎಷ್ಟೋ ದೂರ ತೆಗೆದುಕೊಳ್ಳುವುದರಿಂದ, ಒಂದು ಮೀಟರಿನ ತಪ್ಪು ಒಂದು ಬಡಾವಣೆಯನ್ನೇ ನೀರಿನಿಂದ ಎತ್ತೀತು, ಇಲ್ಲವೆ ನೀರಿಗೆ ತಳ್ಳೀತು.

ಎತ್ತರವೇನೋ ಎಲ್ಲಿಂದ ಬರುತ್ತದೆ? ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಎಂಬ ಆಕಾಶನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರಾಡಾರಿನಿಂದ ಪ್ರಪಂಚದ ಬಹುಭಾಗದ ಎತ್ತರವನ್ನು ಅಳೆಯಿತಂತೆ. ಆ ಅಂಕಿಗಳು ಬಿಟ್ಟಿ ಸಿಕ್ಕುವುದರಿಂದ, ಬೇರೆ ಅಳತೆ ಇಲ್ಲದ ಎಷ್ಟೋ ದೇಶಗಳಿಗೆ ಅವೇ ಆಧಾರ. ಆದರೆ ಆಕಾಶದಿಂದ ನೋಡಿದ ರಾಡಾರಿಗೆ ಮನೆಯ ಮಾಳಿಗೆಯೂ ನೆಲವೇ, ತೆಂಗಿನ ಮರದ ತಲೆಯೂ ಹೆಚ್ಚುಕಡಿಮೆ ನೆಲವೇ. ಹೀಗೆ ತಗ್ಗಾದ ಊರೆಲ್ಲ ಕಾಗದದ ಮೇಲೆ ಎತ್ತರವಾಗಿ ಕುಳಿತಿತು. ೨೦೧೯ರಲ್ಲಿ ಕ್ಲೈಮೇಟ್ ಸೆಂಟ್ರಲ್ ಎಂಬ ಸಂಸ್ಥೆಯ ವಿಜ್ಞಾನಿಗಳು ಈ ತಪ್ಪನ್ನು ತಿದ್ದಿ ಲೆಕ್ಕ ಹಾಕಿದರು. ಭರತದ ಮಟ್ಟಕ್ಕಿಂತ ಕೆಳಗಿನ ನೆಲದಲ್ಲಿ ವಾಸಿಸುವವರು ಹಳೆಯ ಅಂಕಿಗಳ ಪ್ರಕಾರ ಪ್ರಪಂಚದಲ್ಲಿ ೨ ಕೋಟಿ ೮೦ ಲಕ್ಷ ಮಂದಿ. ತಿದ್ದಿದ ಮೇಲೆ ೧೧ ಕೋಟಿ! ಅದೇ ವರ್ಷ ವಿಯೆಟ್ನಾಮಿನ ಮೆಕಾಂಗ್ ನದಿಯ ಮುಖಜಭೂಮಿಯನ್ನು ನೆಲದ ಮೇಲಿನ ಅಳತೆಗಳಿಂದ ನೋಡಿದಾಗ, ಸರಾಸರಿ ಎತ್ತರ ೨.೬ ಮೀಟರು ಎಂದುಕೊಂಡಿದ್ದುದು ನಿಜವಾಗಿ ೦.೮ ಮೀಟರು ಮಾತ್ರ ಎಂದು ತಿಳಿದುಬಂತು. ಹಾಲೆಂಡಿನವರು ವಿಮಾನದಿಂದ ಲೇಸರ್ ಕಿರಣ ಬಿಟ್ಟು ಇಡೀ ದೇಶವನ್ನು ಅಳೆದು, ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ನೆಲವೇ ಸಮುದ್ರಕ್ಕಿಂತ ತಗ್ಗಾದವರಿಗೆ ಗೇಣಿನ ಬೆಲೆ ಗೊತ್ತು.

ಇನ್ನು ಸೊನ್ನೆಯ ತೊಡಕು. ಎತ್ತರವೆಂದರೆ ಎಲ್ಲಿಂದ ಎತ್ತರ? ನಮ್ಮ ದೇಶದ ಸರ್ವೆಯವರು ೧೯೦೯ರಲ್ಲಿ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿಟ್ಟುಕೊಂಡು ದೇಶದ ಎತ್ತರಗಳನ್ನು ಹೊಂದಿಸಿದರು. ಆ ಒಂಬತ್ತರಲ್ಲಿ ಮದರಾಸಿನ ಜೊತೆಗೆ ನಮ್ಮ ಕಾರವಾರವೂ ಒಂದೆಂದು ಕೇಳಿ ನಮಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೆ ಉಪಗ್ರಹದ ಸೊನ್ನೆ ಬೇರೆ. ಅದರ ಲೆಕ್ಕದ ಭೂಮಿ ನುಣುಪಾದ ಮೊಟ್ಟೆ. ಆ ಲೆಕ್ಕವನ್ನು ತಿದ್ದದೆ ಹಾಗೆಯೇ ಬರೆದರೆ ಚೆನ್ನೈಯ ಕಡಲತೀರ ಸೊನ್ನೆಗಿಂತ ಸುಮಾರು ೯೦ ಮೀಟರು ಕೆಳಗೆ ಬರುತ್ತದಂತೆ! ಮುಂಬಯಿಯ ನಗರಸಭೆಯವರಿಗೆ ಟೌನ್ ಹಾಲಿನ ಮಟ್ಟವೆಂಬ ತಮ್ಮದೇ ಸೊನ್ನೆಯಿದೆ. ಮೂರು ಕಚೇರಿಗಳ ಮೂರು ಸೊನ್ನೆಗಳನ್ನು ಒಂದೇ ಕಾಲಮ್ಮಿನಲ್ಲಿ ಬರೆದ ಗುಮಾಸ್ತೆಯನ್ನು ನಾವು ಕಂಡಿಲ್ಲ. ಆದರೆ ಅವನು ಎಲ್ಲೋ ಇದ್ದಾನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಮಳೆಯ ಅಂಕಿಯಾದರೂ ನೆಟ್ಟಗಿದೆಯೆ? ಮುಂಬಯಿಯ ವಾಚಕರಿಗೆ ೨೦೦೫ರ ಜುಲೈ ೨೬ ನೆನಪಿರಬಹುದು. ಆ ಒಂದು ದಿನದ ಲೆಕ್ಕದಲ್ಲಿ ಸಾಂತಾಕ್ರೂಜಿನ ಮಳೆಮಾಪಕ ೯೪೪ ಮಿಲಿಮೀಟರು ತೋರಿಸಿತು; ಕೊಲಾಬದ ಮಳೆಮಾಪಕ ೭೩. ಒಂದೇ ನಗರ! ಕೊಲಾಬದ ಒಂದೇ ಅಂಕಿಯನ್ನು ನಂಬಿದ ಯಂತ್ರ ಆ ದಿನ ‘ಸಾಧಾರಣ ಮಳೆ’ ಎಂದು ಹೇಳಿ ಕುಳಿತಿರುತ್ತಿತ್ತು. ಆಮೇಲೆ ಅಲ್ಲಿ ಊರಿನ ತುಂಬ ಮಳೆಮಾಪಕಗಳನ್ನು ಇರಿಸಿದರು.

ಮೋರಿಗಳದು ಇನ್ನೊಂದು ಕತೆ. ಎತ್ತರದ ಅಂಕಿಗಳಲ್ಲಿ ರಸ್ತೆಯ ದಿಬ್ಬ ಕಾಣುತ್ತದೆಯೇ ಹೊರತು ಅದರ ಅಡಿಯ ಮೋರಿ ಕಾಣದು. ಮೋರಿ ಎಲ್ಲಿದೆಯೆಂದು ಯಾರಾದರೂ ಹೇಳದಿದ್ದರೆ ಯಂತ್ರ ಅಲ್ಲೊಂದು ಕೆರೆಯನ್ನು ಕಟ್ಟಿಬಿಡುತ್ತದೆ. ಹೇಳಿದರೂ, ಕಡತದಲ್ಲಿ ಮೂರಡಿ ಅಗಲವಾಗಿರುವ ಚರಂಡಿ ನಿಜವಾಗಿ ಅರ್ಧ ಹೂಳಿನಿಂದ ತುಂಬಿರುವುದನ್ನು ಯಾರು ಹೇಳಬೇಕು? ಕಡತದ ಷರಾದಲ್ಲಿ ‘ಸ್ವಚ್ಛ ಮಾಡಲಾಗಿದೆ’ ಎಂದಿರುತ್ತದೆ. ಅಕ್ಷರ ನಮ್ಮಂಥವರದು.

ಕಡೆಗೆ ಆಕೆ ನಮ್ಮ ಎದೆ ಧಸಕ್ಕೆನ್ನುವ ಮಾತಿಗೆ ಬಂದರು. ಯಂತ್ರದ ಲೆಕ್ಕ ಸರಿಯೇ ತಪ್ಪೇ ಎಂದು ತಿಳಿಯುವುದು ಹೇಗೆ? ಹಿಂದಿನ ಪ್ರವಾಹವನ್ನು ಅದರಿಂದ ಲೆಕ್ಕ ಹಾಕಿಸಿ, ಜನರ ಮನೆಗಳಲ್ಲಿ ನಿಜವಾಗಿ ನಿಂತ ನೀರಿನ ಆಳದೊಡನೆ ಹೋಲಿಸಿ ನೋಡುತ್ತಾರೆ. ಹೊಂದದಿದ್ದರೆ ಯಂತ್ರವನ್ನೇ ತಿದ್ದುತ್ತಾರೆ. ಅಂದರೆ ಯಂತ್ರದ ಉತ್ತರಪತ್ರಿಕೆಯನ್ನು ತಿದ್ದುವ ಮೇಷ್ಟರು ಆ ಏಳು ವರ್ಷ ಎಂಟು ವರ್ಷದ ಹಿಂದಿನ ಪಟ್ಟಿ! ಆಕೆ ನಕ್ಷೆಯ ಒಂದು ಬೀದಿಯನ್ನು ಕೋಲಿನಿಂದ ಮುಟ್ಟಿ ತೋರಿಸಿದರು. “ಈ ಬೀದಿಯ ಕೊನೆಯಲ್ಲಿ ನಮ್ಮ ಲೆಕ್ಕ ನಾಲ್ಕೂವರೆ ಅಡಿಗೂ ಹೆಚ್ಚು ನೀರು ಹೇಳುತ್ತದೆ. ಆದರೆ ಪಟ್ಟಿಯಲ್ಲಿ ಎಲ್ಲ ಮನೆಗೂ ಒಂದೂವರೆ ಅಡಿ ಇದೆ. ಹದಿನಾರು ಮನೆಗಳ ಸಾಕ್ಷಿ. ಅದಕ್ಕೆ ಲೆಕ್ಕವನ್ನೇ ಸ್ವಲ್ಪ ತಗ್ಗಿಸಿದ್ದೇವೆ. ಈ ಕೊನೆಯನ್ನು ಹೆಚ್ಚು ಅಪಾಯವಿಲ್ಲದ ಕಡೆ ಸೇರಿಸಿದ್ದೇವೆ.”

ಬೀದಿ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಸಭೆಯಲ್ಲಿ ನಾವು ಎದ್ದು ನಿಲ್ಲಲಿಲ್ಲ. ಅಷ್ಟು ಧೈರ್ಯ ನಮಗೆ ದೇವರು ಕೊಟ್ಟಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಆಕೆಯ ಹತ್ತಿರ ಹೋಗಿ, “ಆ ಹದಿನಾರು ಸಾಕ್ಷಿಗಳಲ್ಲಿ ಒಂದೂ ನಿಜವಲ್ಲ ಅಮ್ಮ. ಅವೆಲ್ಲ ನಾವು ಆರನೆಯ ಮನೆಯ ಜಗುಲಿಯಲ್ಲಿ ಕುಳಿತು ಬರೆದದ್ದು” ಎಂದೆವು. ಬೈಯುತ್ತಾರೆಂದುಕೊಂಡಿದ್ದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಖಾಲಿ ಬಿಟ್ಟಿದ್ದರೆ ನಾವು ಹೋಗಿ ಕೇಳುತ್ತಿದ್ದೆವು” ಎಂದರು. ಅಷ್ಟೆ. ಬೈದಿದ್ದರೆ ಮೇಲಾಗುತ್ತಿತ್ತು. ಹೊರಡುವಾಗ, “ಮತ್ತೆ ಅಳೆದುಕೊಡುತ್ತೀರಾ?” ಎಂದು ಕೇಳಿದರು.

ಮುಂದಿನ ಭಾನುವಾರ ಟೇಪು, ಒಂದು ನೋಟುಬುಕ್ಕು, ಗಾರೆ ಕೆಲಸದವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ಇವಿಷ್ಟನ್ನು ಹಿಡಿದು, ಪರಿಚಯದ ಮೇಸ್ತ್ರಿಯೊಬ್ಬರನ್ನು ಜೊತೆ ಮಾಡಿಕೊಂಡು ಆ ಬೀದಿಗೆ ಹೋದೆವು. ಪೈಪಿನ ಒಂದು ತುದಿ ಒಂದು ಮನೆಯಲ್ಲಿ, ಇನ್ನೊಂದು ಮುಂದಿನ ಮನೆಯಲ್ಲಿ. ಹೀಗೆ ಮಟ್ಟವನ್ನು ಹೆಜ್ಜೆಹೆಜ್ಜೆಯಾಗಿ ಸಾಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು: ಚಾಪೆಯಂತೆ ಕಂಡ ಬೀದಿ ಮೊದಲ ಮನೆಯಿಂದ ಕೊನೆಯ ಮನೆಗೆ ಮೂರು ಅಡಿ ಮೂರು ಅಂಗುಲ ಇಳಿದಿತ್ತು. ಇಪ್ಪತ್ತೆರಡು ಮನೆಗಳ ಉದ್ದಕ್ಕೆ ಹಂಚಿಹೋದ ಆ ಇಳಿತ ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ. ಮೊದಲ ಮನೆಯಲ್ಲಿ ಒಂದೂವರೆ ಅಡಿಯಾದರೆ ಕೊನೆಯ ಮನೆಯಲ್ಲಿ ನಾಲ್ಕೂಮುಕ್ಕಾಲು. ಮಹಡಿಯವರು ಹೇಳಿದ ಗೇಣಿನ ಲೆಕ್ಕಕ್ಕೂ, ಯಂತ್ರ ಮೊದಲು ಹೇಳಿದ್ದಕ್ಕೂ ಅದು ಸರಿಹೋಯಿತು. ಯಂತ್ರ ನಿಜ ಹೇಳಿತ್ತು. ನಮ್ಮ ಮಾತು ಕೇಳಿ ಸುಳ್ಳು ಕಲಿಯಿತು.

ನಾವು ಬಿ.ಎ.ಯಲ್ಲಿ ಚರಿತ್ರೆ ಓದಿದವರು. ಇದೇ ಬಯಲಿನಲ್ಲಿ, ಪರಂಗಿಮಲೆಯಿಂದ ಪೆರುಂಬಾಕ್ಕಂ ಕಡೆಗೆ, ೧೮೦೨ರ ಏಪ್ರಿಲ್ ೧೦ರಂದು ಲ್ಯಾಂಬ್ಟನ್ ಎಂಬ ದೊರೆ ಭಾರತದ ಮಹಾ ಸರ್ವೆಯ ಮೊದಲ ಗೆರೆಯನ್ನು ಅಳೆಯಲು ತೊಡಗಿದನೆಂಬುದು ಆ ಬಿಸಿಲಿನಲ್ಲಿ ನೆನಪಾಯಿತು. ನೂರಡಿಯ ಉಕ್ಕಿನ ಸರಪಳಿ. ಏಳೂವರೆ ಮೈಲಿ ನೆಲ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಅದಕ್ಕೆ ನೆರಳು ಮಾಡಿ, ಉಷ್ಣಮಾಪಕ ಇಟ್ಟು ಶಾಖವನ್ನೂ ಬರೆದುಕೊಂಡ. ಮುಂದೆ ಬೆಂಗಳೂರಿನ ಹತ್ತಿರ ೧೮೦೪ರಲ್ಲಿ ಇನ್ನೊಂದು ಗೆರೆಯನ್ನು ಅಳೆದು, ಮೊದಲಿನ ಲೆಕ್ಕದೊಡನೆ ಹೋಲಿಸಿ ನೋಡಿದ. ವ್ಯತ್ಯಾಸ ಕೆಲವೇ ಅಂಗುಲ. ಆತ ಒಂದು ಸರಪಳಿಗೆ ಅಳೆದು ಮಿಕ್ಕದ್ದಕ್ಕೆ ‘ಮೇರ್ಪಡಿ’ ಬರೆಯಬಹುದಾಗಿತ್ತು. ಬಯಲು ಅವನ ಕಣ್ಣಿಗೂ ಸಪಾಟಾಗಿಯೇ ಕಂಡಿದ್ದೀತು.

ಸಂಜೆ ಅಜ್ಜಿಯ ಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆವು: ಕಾಫಿ, ಜಗುಲಿ, ಹದಿನಾರು ಸಾಲು, ಫೋನಿನಲ್ಲಿ ಹೇಳಿದ ಒಂದೂವರೆ ಅಡಿ. ಅಜ್ಜಿ ಬಹಳ ಹೊತ್ತು ಗೋಡೆಯನ್ನು ನೋಡುತ್ತಿದ್ದರು. ಅಲ್ಲಿ ನೀರಿನ ಕರೆಯ ಮೇಲೆ ಅವರು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಂದು ಗೆರೆ ಎಳೆದು ತಾರೀಖು ಬರೆದಿದ್ದರು.

“ತಂಬೂರಿ ಹೋತು, ಅವರ ಅಕ್ಷರ ಹೋತು. ಇನ್ನ ಬರೂದಿಲ್ಲ” ಎಂದರು. ಸ್ವಲ್ಪ ತಡೆದು, “ನನ್ನ ಹಿಂದ ಈ ಮನೀಗೆ ಯಾರರ ಬರ್ತಾರಲ್ಲ ತಮ್ಮಾ, ಅವರ ಸಲುವಾಗಿ ಖರೇ ಬರಿ. ಮನಿ ಮಾಲಕರು ಬಣ್ಣ ಹಚ್ಚಸ್ತೀನಿ ಅಂದಾರ. ಆ ಗೆರಿ ಒಂದು ಬಿಟ್ಟು ಹಚ್ಚ್ರಿ ಅಂತ ಹೇಳೀನಿ” ಎಂದರು. ಒಳಗೆ ಹೋಗಿ ಚಹಾ ತಂದುಕೊಟ್ಟರು. ಕುಡಿಯುವುದು ಕಷ್ಟವಾಯಿತು.

ತಿದ್ದಿದ ಪಟ್ಟಿಯನ್ನು ಇಂಜಿನಿಯರಮ್ಮನವರಿಗೆ ಮುಟ್ಟಿಸಿದ್ದೇವೆ. ಆ ಬೀದಿಯ ಕೊನೆಗೆ ನಕ್ಷೆಯಲ್ಲಿ ಈಗ ಕಡುನೀಲಿ ಬಣ್ಣ ಬಂದಿದೆ. ನಮ್ಮ ಊರಿನಂತೆಯೇ ಮುಂಬಯಿಯಲ್ಲಿಯೂ ತಗ್ಗಿನ ಬೀದಿಗಳಲ್ಲಿ ಕನ್ನಡದ ಮನೆಗಳು ಅನೇಕ ಇವೆ. ನೀರು ಬಂದು ಹೋದ ಮನೆಯವರಲ್ಲಿ ನಮ್ಮದೊಂದು ವಿಜ್ಞಾಪನೆ: ಸುಣ್ಣ ಬಣ್ಣ ಬಳಿಯುವ ಮೊದಲು ಕರೆಯ ಮೇಲೆ ಒಂದು ಗೆರೆ ಎಳೆಯಿರಿ, ತಾರೀಖು ಬರೆಯಿರಿ, ಹೊಸ್ತಿಲಿನಿಂದ ಅದು ಎಷ್ಟು ಅಡಿ ಎಷ್ಟು ಅಂಗುಲವೆಂದು ಅಳೆದಿಡಿ. ಪಟ್ಟಿ ಹಿಡಿದ ಗುಮಾಸ್ತೆ ಬಂದರೆ ಕಾಫಿ ಕೊಡಿ; ಆದರೆ ಕೊನ್ನೆ ಮನೆಯವರೆಗೆ ನಡೆಸಿಕೊಂಡು ಹೋಗಿ ಬಂದ ಮೇಲೆ ಕೊಡಿ.

ಮೊನ್ನೆ ಬೇರೊಂದು ಪಟ್ಟಿಯಲ್ಲಿ ಬೀಗ ಹಾಕಿದ ಮನೆಯೊಂದರ ಎದುರಿಗೆ ‘ವಿಚಾರಿಸಿಲ್ಲ’ ಎಂದು ಬರೆದು ಕಳುಹಿಸಿದೆವು. ಸಾಹೇಬರು ಕರೆದು, “ಇದೇನ್ರಿ ಇದು, ಖಾಲಿ?” ಎಂದು ಗದರಿದರು. ಕೈಕಟ್ಟಿ ನಿಂತೆವು. ಕಾಲು ನಡುಗಿತು, ಆದರೆ ಆ ಕಾಲಮ್ಮನ್ನು ತುಂಬಲಿಲ್ಲ. ಸಂಜೆ ಅದೇ ಮನೆಗೆ ಇನ್ನೊಂದು ಸಲ ಹೋಗಿ ಬಾಗಿಲು ತಟ್ಟಿದೆವು.